ಹುಳಿಯೇರದ ಕಲ್ಪರಸ: ತಾಪಮಾನ ನಿಯಂತ್ರಣವೇ ಉದ್ಯಮದ ಬಂಡವಾಳ

ಕರಾವಳಿಯ ಆರ್ಥಿಕ ಜೀವನದಲ್ಲಿ ತೆಂಗಿನ ಮರಕ್ಕಿರುವ ಸ್ಥಾನವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳಲ್ಲಿ ಗದ್ದೆಯ ಬದುವಿನಿಂದ ಹಿಡಿದು ಕಡಲ ದಂಡೆಯವರೆಗೆ ತೆಂಗು ಇಲ್ಲದ ಹಿತ್ತಿಲು ವಿರಳ. ಆದರೆ ಕಾಯಿ, ಕೊಬ್ಬರಿ, ಎಣ್ಣೆ ಮತ್ತು ನಾರು ಎಂಬ ನಾಲ್ಕು ಉತ್ಪನ್ನಗಳ ಆಚೆಗೆ ಈ ಮರದಿಂದ ಆದಾಯ ಪಡೆಯುವ ಪ್ರಯತ್ನಗಳು ನಮ್ಮಲ್ಲಿ ನಡೆದದ್ದು ಕಡಿಮೆ. ಕಾಯಿಯ ಧಾರಣೆ ಕುಸಿದಾಗಲೆಲ್ಲ ಬೆಳೆಗಾರನೂ ವ್ಯಾಪಾರಿಯೂ ಒಟ್ಟಿಗೆ ಕೈಕಟ್ಟಿ ಕುಳಿತುಕೊಳ್ಳಬೇಕಾದ ಸ್ಥಿತಿಗೆ ಇದು ಒಂದು ಮುಖ್ಯ ಕಾರಣವಾಗಿದೆ.

ಈ ಹಿನ್ನೆಲೆಯಲ್ಲಿ ಕುಂದಾಪುರ ತಾಲೂಕಿನ ಜಪ್ತಿಯಲ್ಲಿ ನೆಲೆಗೊಂಡ ಉಡುಪಿ ಕಲ್ಪರಸ ರೈತ ಉತ್ಪಾದಕ ಕಂಪನಿಯು 2020ರ ದಶಕದ ಆರಂಭದಲ್ಲಿ ಕೈಗೊಂಡ ಪ್ರಯೋಗ ಜಿಲ್ಲೆಯ ಉದ್ಯಮಿಗಳ ಗಮನ ಸೆಳೆಯಿತು. ತೆಂಗಿನ ಹೊಂಬಾಳೆಯಿಂದ ಇಳಿಯುವ ಸಿಹಿರಸವನ್ನು ಹುಳಿಯಾಗಲು ಬಿಡದೆ, ಮತ್ತು ಬರಿಸುವ ಶೇಂದಿಯಾಗಲು ಬಿಡದೆ, ತಾಜಾ ಪಾನೀಯವಾಗಿ ಗ್ರಾಹಕರಿಗೆ ತಲುಪಿಸುವುದು ಈ ಪ್ರಯೋಗದ ಉದ್ದೇಶ. ಕೇಳಲು ಸರಳವೆನಿಸುವ ಈ ಕೆಲಸದಲ್ಲಿ ಲಾಭವೂ ನಷ್ಟವೂ ಒಂದೇ ಸಂಗತಿಯನ್ನು ಅವಲಂಬಿಸಿವೆ. ಅದು ತಾಪಮಾನ. ಮರದ ತುದಿಯಿಂದ ಗ್ರಾಹಕನ ಲೋಟದವರೆಗೆ ರಸದ ಉಷ್ಣತೆಯನ್ನು ಯಾರು ಹಿಡಿತದಲ್ಲಿಟ್ಟುಕೊಳ್ಳಬಲ್ಲರೋ ಅವರಿಗೆ ಮಾತ್ರ ಈ ಉದ್ಯಮ ಒಲಿಯುತ್ತದೆ.

ಒಂದೇ ರಸ, ಮೂರು ಸರಕು

ಹೊಂಬಾಳೆಯೊಳಗೆ ಹರಿಯುವ ರಸ ಸ್ವಭಾವತಃ ಶುದ್ಧವಾದುದು. ಅದರಲ್ಲಿ ಸುಮಾರು ಶೇ. 15ರಷ್ಟು ಸಕ್ಕರೆ ಇರುತ್ತದೆ. ಈ ಸಕ್ಕರೆಯ ಬಹುಪಾಲು ಕಬ್ಬಿನಲ್ಲಿರುವಂತಹ ಸುಕ್ರೋಸ್ ಆಗಿದೆ. ಆದರೆ ಹೊಂಬಾಳೆಯ ತುದಿಯನ್ನು ಕೊಯ್ದ ಕ್ಷಣದಿಂದ ಪರಿಸ್ಥಿತಿ ಬದಲಾಗುತ್ತದೆ. ಕೊಯ್ದ ಮುಖ, ಹಳೆಯ ಮಡಕೆಯ ಒಳಮೈ, ಗಾಳಿ, ಇರುವೆ, ಜೇನ್ನೊಣ ಇವೆಲ್ಲದರ ಮೂಲಕ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ರಸವನ್ನು ಸೇರುತ್ತವೆ. ನಮ್ಮ ಕರಾವಳಿಯ 25ರಿಂದ 33 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಈ ಸೂಕ್ಷ್ಮಜೀವಿಗಳ ಬೆಳವಣಿಗೆಗೆ ಹೇಳಿಮಾಡಿಸಿದಂತಿದೆ.

ಮೊದಲು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ರಸಕ್ಕೆ ಹುಳಿ ತರುತ್ತವೆ. ಬೆನ್ನಿಗೇ ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ರಸ ಬೆಳ್ಳಗಾಗಿ ನೊರೆಯೇಳುತ್ತದೆ. ಇದೇ ಶೇಂದಿ. ಹಾಗೆಯೇ ಬಿಟ್ಟರೆ ಅಸಿಟಿಕ್ ಬ್ಯಾಕ್ಟೀರಿಯಾಗಳು ಮದ್ಯಸಾರವನ್ನು ಹುಳಿಯಾಗಿಸಿ ವಿನೆಗರ್ ಮಾಡುತ್ತವೆ. ಸಿಹಿ ನೀರಾ, ಶೇಂದಿ, ವಿನೆಗರ್ ಈ ಮೂರೂ ಬೇರೆ ಬೇರೆ ಬೆಲೆಯ, ಬೇರೆ ಬೇರೆ ಕಾನೂನಿನ ಸರಕುಗಳು. ಅವುಗಳ ನಡುವಿನ ಅಂತರವಾದರೋ ಕೆಲವೇ ಗಂಟೆಗಳು ಮತ್ತು ಕೆಲವೇ ಡಿಗ್ರಿಗಳು.

ಕರಾವಳಿಯ ಮೂರ್ತೆದಾರರಿಗೆ ಈ ಸತ್ಯ ತಲೆಮಾರುಗಳಿಂದ ತಿಳಿದಿದೆ. ಸಿಹಿಯಾದ ರಸ ಬೇಕಾದಾಗ ಅವರು ಮಡಕೆಯ ಒಳಗೆ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಕ್ಷಾರಗುಣದಿಂದ ಸೂಕ್ಷ್ಮಜೀವಿಗಳ ಬೆಳವಣಿಗೆ ಕುಂಠಿತವಾಗುತ್ತದೆ. ಬೆಲ್ಲ ಕಾಯಿಸುವವರಿಗೆ ಇದು ಅನುಕೂಲವಾದ ವಿಧಾನವಾಗಿತ್ತು. ಆದರೆ ಕುಡಿಯುವ ಪಾನೀಯಕ್ಕೆ ಸುಣ್ಣದ ರುಚಿ ಒಗ್ಗುವುದಿಲ್ಲ. ಅದನ್ನು ತೆಗೆಯಲು ಮತ್ತೆ ಶೋಧನೆ, ತಟಸ್ಥೀಕರಣ ಮೊದಲಾದ ಕ್ರಮಗಳು ಬೇಕು. ಸುಣ್ಣ ಕಡಿಮೆಯಾದರೆ ರಸ ಹುಳಿಯುತ್ತದೆ, ಹೆಚ್ಚಾದರೆ ಕೆಡುತ್ತದೆ. ಅಳತೆಯು ಬಳಿಯುವವನ ಕೈಯಂದಾಜಿಗೆ ಬಿಟ್ಟದ್ದಾದ್ದರಿಂದ ಒಂದು ಮರದ ರಸದಂತೆ ಇನ್ನೊಂದರದು ಇರುವುದಿಲ್ಲ. ಬ್ರಾಂಡ್ ಕಟ್ಟಬಯಸುವ ಉದ್ಯಮಕ್ಕೆ ಇದು ದೊಡ್ಡ ತೊಡಕು.

ಬಿಯರ್ ಕಾರ್ಖಾನೆ ಕಲಿಸಿದ ಪಾಠ

ಹುದುಗುವಿಕೆಯನ್ನು ಥರ್ಮಾಮೀಟರಿನಿಂದ ಆಳಬಹುದೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಯುರೋಪಿನ ಬಿಯರ್ ತಯಾರಕರು. ಬಾರ್ಲಿಯ ಮಾಲ್ಟನ್ನು ಪುಡಿಮಾಡಿ 62ರಿಂದ 70 ಡಿಗ್ರಿಯ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಇರಿಸಿದಾಗ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಈ ಮಿತಿಯ ಕೆಳಗಿನ ತುದಿಯಲ್ಲಿ ಇರಿಸಿದರೆ ಯೀಸ್ಟಿಗೆ ದಕ್ಕುವ ಸಕ್ಕರೆ ಹೆಚ್ಚಾಗಿ ಬಿಯರ್ ತೆಳುವಾಗುತ್ತದೆ. ಮೇಲಿನ ತುದಿಯಲ್ಲಿ ಇರಿಸಿದರೆ ಯೀಸ್ಟಿಗೆ ದಕ್ಕದ ಅಂಶ ಉಳಿದು ಬಿಯರ್ ಗಟ್ಟಿಯಾಗುತ್ತದೆ. ನಾಲ್ಕೈದು ಡಿಗ್ರಿಯ ವ್ಯತ್ಯಾಸದಲ್ಲಿ ಸರಕೇ ಬೇರೆಯಾಗುತ್ತದೆ. ಬಳಿಕ ಕುದಿಸಿ, ಬೇಗನೆ ತಣಿಸಿ, ಯೀಸ್ಟ್ ಬೆರೆಸಿದ ಮೇಲೂ ಅದೇ ಶಿಸ್ತು. ಏಲ್ ಎಂಬ ಬಗೆಗೆ ಸುಮಾರು 18ರಿಂದ 22 ಡಿಗ್ರಿ, ಲಾಗರ್ ಎಂಬ ಬಗೆಗೆ ಸುಮಾರು 9ರಿಂದ 13 ಡಿಗ್ರಿ.

ಲಾಗರಿನ ಈ ತಂಪಿನ ಅಗತ್ಯವೇ ಆಧುನಿಕ ಶೈತ್ಯೀಕರಣ ಉದ್ಯಮಕ್ಕೆ ನಾಂದಿಯಾಯಿತೆಂಬುದು ಗಮನಾರ್ಹ. ಚಳಿಗಾಲದಲ್ಲಿ ಸಂಗ್ರಹಿಸಿದ ಹಿಮಗಡ್ಡೆಗಳನ್ನು ನೆಚ್ಚಿಕೊಂಡಿದ್ದ ಜರ್ಮನಿಯ ತಯಾರಕರಿಗಾಗಿ ಕಾರ್ಲ್ ಫಾನ್ ಲಿಂಡೆ 1870ರ ದಶಕದಲ್ಲಿ ಶೈತ್ಯಯಂತ್ರಗಳನ್ನು ರೂಪಿಸಿದರು. ಅದೇ ದಶಕದಲ್ಲಿ ಲೂಯಿ ಪಾಶ್ಚರ್ ಬಿಯರ್ ಕೆಡುವುದಕ್ಕೆ ಬೇಡದ ಸೂಕ್ಷ್ಮಜೀವಿಗಳೇ ಕಾರಣವೆಂದು ವಿವರಿಸಿದರು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಜಾತಿಯ ಶುದ್ಧ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದರು. ಸ್ವಚ್ಛತೆ, ತಂಪು, ಅಳತೆ ಈ ಮೂರರ ಮೇಲೆ ಆ ಉದ್ಯಮ ಬೆಳೆದು ನಿಂತಿತು.

ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ ಕರ್ನಾಟಕದಲ್ಲಿ ಅವಕಾಶವಿಲ್ಲ. ಆದರೆ ಆ ಪಾಠ ನಮ್ಮ ತೆಂಗಿನ ತೋಟಕ್ಕೆ ಪೂರ್ಣವಾಗಿ ಅನ್ವಯಿಸುತ್ತದೆ. ಬಿಯರ್ ತಯಾರಕ ಯೀಸ್ಟನ್ನು ತನಗೆ ಬೇಕಾದ ವೇಗದಲ್ಲಿ ದುಡಿಸುತ್ತಾನೆ, ಕಲ್ಪರಸ ತಯಾರಕ ಅದೇ ಯೀಸ್ಟನ್ನು ದುಡಿಯದಂತೆ ತಡೆಯುತ್ತಾನೆ. ಇಬ್ಬರ ಕೈಯಲ್ಲಿಯೂ ಇರಬೇಕಾದದ್ದು ಅದೇ ಥರ್ಮಾಮೀಟರ್.

ಕಾಸರಗೋಡಿನ ಶೈತ್ಯಪೆಟ್ಟಿಗೆ

ಸುಣ್ಣದ ಬದಲಿಗೆ ತಂಪನ್ನು ಬಳಸುವ ಸುಲಭ ವಿಧಾನ ರೂಪುಗೊಂಡದ್ದು ನೆರೆಯ ಕಾಸರಗೋಡಿನಲ್ಲಿ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ಈಗಿನ ರೂಪ ತಳೆದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು (ಸಿ.ಪಿ.ಸಿ.ಆರ್.ಐ.) ಮರದ ಮೇಲೆಯೇ ರಸವನ್ನು ತಣಿಸುವ ಶೈತ್ಯಪೆಟ್ಟಿಗೆಯೊಂದನ್ನು ಸಿದ್ಧಪಡಿಸಿತು. ಹೀಗೆ ಸಂಗ್ರಹಿಸಿದ ಹುದುಗದ ರಸಕ್ಕೆ ಸಂಸ್ಥೆ ನೀಡಿದ ಹೆಸರೇ ‘ಕಲ್ಪರಸ’.

ಉಪಕರಣದ ರಚನೆ ಜಟಿಲವಲ್ಲ. ಪಿ.ವಿ.ಸಿ. ಕೊಳವೆಯ ಒಂದು ತುದಿಯನ್ನು ಹಿಗ್ಗಿಸಿ ಪೆಟ್ಟಿಗೆಯಂತೆ ಮಾಡಲಾಗಿದೆ. ಒಳಗೆ ರಸ ಬೀಳುವ ಪಾತ್ರೆ, ಅದರ ಸುತ್ತ ಐಸ್ ತುಂಡುಗಳು, ಹೊರಗಿನ ಶಾಖ ಒಳಬಾರದಂತೆ ಉಷ್ಣನಿರೋಧಕ ಹೊದಿಕೆ. ಕೊಳವೆಯ ಇನ್ನೊಂದು ತುದಿಯನ್ನು ಕೊಯ್ದ ಹೊಂಬಾಳೆಗೆ ತೊಡಿಸಲಾಗುತ್ತದೆ. ರಸ ಹನಿಹನಿಯಾಗಿ ಬಿದ್ದಂತೆ ಆಗಲೇ ತಣಿಯುತ್ತದೆ. ಮುಚ್ಚಿದ ಪೆಟ್ಟಿಗೆಯಾದ್ದರಿಂದ ಇರುವೆ, ಕೀಟ, ಪರಾಗ, ಧೂಳು ಒಳಸೇರುವುದಿಲ್ಲ. ಸುಣ್ಣದ ಮಡಕೆಯ ಬಿಳಿರಸಕ್ಕೆ ಬದಲಾಗಿ ಜೇನುಬಣ್ಣದ ತಿಳಿಯಾದ ರಸ ದೊರೆಯುತ್ತದೆ.

ಇಲ್ಲಿಯ ಲೆಕ್ಕಾಚಾರವನ್ನು ಉದ್ಯಮಿಗಳು ಅರಿತಿರಬೇಕು. 30 ಡಿಗ್ರಿಯ ಒಂದು ಲೀಟರ್ ರಸವನ್ನು 4 ಡಿಗ್ರಿಗೆ ಇಳಿಸಲು ಸುಮಾರು 25 ಕಿಲೋಕ್ಯಾಲರಿ ಶಾಖವನ್ನು ತೆಗೆಯಬೇಕು. ಒಂದು ಕಿಲೋ ಐಸ್ ಕರಗುವಾಗ 80 ಕಿಲೋಕ್ಯಾಲರಿ ಶಾಖವನ್ನು ಹೀರುತ್ತದೆ. ಅಂದರೆ ರಸವನ್ನು ತಣಿಸಲು ಲೀಟರಿಗೆ ಸುಮಾರು 300 ಗ್ರಾಂ ಐಸ್ ಸಾಕು. ಉಳಿದ ಐಸ್ ವ್ಯಯವಾಗುವುದು ಹೊರಗಿನಿಂದ ನುಸುಳುವ ಶಾಖವನ್ನು ತಡೆಯಲು. ಹೀಗಾಗಿ ಐಸಿನ ಖರ್ಚನ್ನು ತಗ್ಗಿಸುವ ದಾರಿ ಪೆಟ್ಟಿಗೆಯ ಹೊದಿಕೆಯನ್ನು ಸುಧಾರಿಸುವುದೇ ಹೊರತು ಐಸನ್ನು ಕಡಿಮೆ ತುಂಬುವುದಲ್ಲ. ಹರಿದ ಹೊದಿಕೆ, ಸಡಿಲವಾದ ಮುಚ್ಚಳ, ಬಿಸಿಲಿಗೆ ತೆರೆದ ಬದಿ ಇವು ಪ್ರತಿದಿನ ಹಣ ಸೋರುವ ತೂತುಗಳು.

ಒಂದು ಸರಳ ಪರೀಕ್ಷೆ ಇಲ್ಲಿದೆ. ಪೆಟ್ಟಿಗೆಯನ್ನು ಇಳಿಸಿದಾಗ ಒಳಗೆ ಐಸ್ ಇನ್ನೂ ಉಳಿದಿರಬೇಕು. ಪಾತ್ರೆಯ ಸುತ್ತ ಐಸ್ ಉಳಿದಿರುವವರೆಗೆ ಒಳಗಿನ ತಾಪಮಾನ ಹೆಚ್ಚು ಏರದು. ಪೂರ್ತಿ ಕರಗಿ ಬೆಚ್ಚಗಿನ ನೀರಷ್ಟೇ ಉಳಿದಿದ್ದರೆ ರಾತ್ರಿಯ ಯಾವುದೋ ಹೊತ್ತಿನಿಂದ ರಸ ಕಾವಲಿಲ್ಲದೆ ನಿಂತಿತ್ತೆಂದೇ ತಿಳಿಯಬೇಕು. ಅಂತಹ ರಸವನ್ನು ಕೆಳಗೆ ಬಂದ ಮೇಲೆ ಎಷ್ಟು ತಣಿಸಿದರೂ ಪ್ರಯೋಜನವಿಲ್ಲ. ತಂಪು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ಕೇವಲ ನಿಧಾನಗೊಳಿಸುತ್ತದೆ. ಆಗಿಹೋದ ಹುದುಗುವಿಕೆಯನ್ನು ಯಾವ ಯಂತ್ರವೂ ಹಿಂದಕ್ಕೆ ತಿರುಗಿಸದು.

ಮರದಿಂದ ಇಳಿದ ಮೇಲೆ

ಅರಳುವ ಮುನ್ನ ಹೊಂಬಾಳೆಯನ್ನು ಬಿಗಿಯಾಗಿ ಕಟ್ಟಿ, ಹಲವು ದಿನಗಳ ಕಾಲ ಹದವಾಗಿ ತಟ್ಟಿ, ತುದಿಯನ್ನು ತೆಳುವಾಗಿ ಕೊಯ್ಯುತ್ತಾ ಬಂದಾಗ ರಸ ಇಳಿಯತೊಡಗುತ್ತದೆ. ಈ ಕೌಶಲವನ್ನು ಯಂತ್ರಕ್ಕೆ ಒಪ್ಪಿಸಲು ಸಾಧ್ಯವಾಗಿಲ್ಲ. ಒಂದು ಹೊಂಬಾಳೆ ಸುಮಾರು ಒಂದೂವರೆ ತಿಂಗಳ ಕಾಲ ರಸ ಕೊಡಬಲ್ಲದು. ಉತ್ತಮ ಮರವೊಂದರಿಂದ ದಿನಕ್ಕೆ ಎರಡು ಲೀಟರಿನಷ್ಟು ನಿರೀಕ್ಷಿಸಬಹುದು. ಹತ್ತು ಮರಗಳನ್ನು ನೋಡಿಕೊಳ್ಳುವ ಮೂರ್ತೆದಾರನ ಕೈಗೆ ದಿನಕ್ಕೆ ಸುಮಾರು 20 ಲೀಟರ್ ಬರುತ್ತದೆಂದಾಯಿತು.

ಈ 20 ಲೀಟರನ್ನು ಒಂದೇ ಕ್ಯಾನಿಗೆ ಸುರಿಯುವ ಕ್ಷಣವೇ ಇಡೀ ವ್ಯವಹಾರದ ಅತ್ಯಂತ ಅಪಾಯದ ಕ್ಷಣ. ಹತ್ತರಲ್ಲಿ ಒಂದು ಪೆಟ್ಟಿಗೆಯ ಎರಡು ಲೀಟರ್ ರಸ ಹುಳಿ ಹಿಡಿದಿದ್ದರೂ ಅದು ಉಳಿದ 18 ಲೀಟರಿಗೆ ಹೆಪ್ಪಿನಂತೆ ಕೆಲಸ ಮಾಡುತ್ತದೆ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಸಣ್ಣದ ಹಿಟ್ಟು ಉಬ್ಬಲು ಶೇಂದಿ ಬೆರೆಸುವ ಕ್ರಮವಿದೆ. ಸ್ವಲ್ಪ ಶೇಂದಿ ಪಾತ್ರೆ ತುಂಬ ಹಿಟ್ಟನ್ನು ಉಬ್ಬಿಸುತ್ತದೆ. ಅಡುಗೆಮನೆಯಲ್ಲಿ ಗುಣವಾದದ್ದೇ ಇಲ್ಲಿ ದೋಷವಾಗುತ್ತದೆ. ಆದುದರಿಂದ ಪ್ರತಿ ಪಾತ್ರೆಯನ್ನೂ ಪರೀಕ್ಷಿಸಿದ ಬಳಿಕವಷ್ಟೇ ಬೆರೆಸಬೇಕೆಂಬ ನಿಯಮಕ್ಕೆ ಯಾವ ಕಾರಣಕ್ಕೂ ವಿನಾಯಿತಿ ಇರಬಾರದು.

ಪರೀಕ್ಷೆಗೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ತಾಜಾ ರಸದ ಪಿ.ಎಚ್. ಮೌಲ್ಯ 7ರ ಆಸುಪಾಸು ಅಥವಾ ತುಸು ಮೇಲಿರುತ್ತದೆ. ಅದು 6ಕ್ಕಿಂತ ಕೆಳಗಿಳಿದರೆ ಹುದುಗುವಿಕೆ ಆರಂಭವಾಗಿದೆಯೆಂದು ಅರ್ಥ. ಪಿ.ಎಚ್. ಕಾಗದದ ಒಂದು ಪಟ್ಟಿ ಅಥವಾ ಕೈಯಲ್ಲಿ ಹಿಡಿಯುವ ಮೀಟರ್ ಇದನ್ನು ಅರೆನಿಮಿಷದಲ್ಲಿ ತಿಳಿಸುತ್ತದೆ. ಸಕ್ಕರೆಯಂಶ ತೋರಿಸುವ ಬ್ರಿಕ್ಸ್ ಮಾಪಕವೂ ಅಗತ್ಯವೇ. ಆದರೆ ಅದನ್ನೊಂದನ್ನೇ ನೆಚ್ಚಬಾರದು. ಹುಳಿ ಕಾಣಿಸಿಕೊಂಡ ಆರಂಭದಲ್ಲಿ ಸಕ್ಕರೆಯ ಪ್ರಮಾಣ ಹೆಚ್ಚು ಇಳಿದಿರುವುದಿಲ್ಲ. ಬ್ರಿಕ್ಸ್ ಅಂಕಿ ಸರಿಯಾಗಿಯೇ ಇದ್ದು ರಸ ಮಾತ್ರ ಕೆಟ್ಟಿರುವ ಸಾಧ್ಯತೆಯಿದೆ. ಮೊದಲ ಎಚ್ಚರಿಕೆ ಕೊಡುವುದು ಪಿ.ಎಚ್. ಎಂಬುದನ್ನು ನೆನಪಿಡಬೇಕು.

ತೋಟದಿಂದ ಸಂಗ್ರಹಣಾ ಕೇಂದ್ರಕ್ಕೆ ಸಾಗಿಸುವಾಗ ಐಸ್ ತುಂಬಿದ ಪೆಟ್ಟಿಗೆಗಳು, ಕೇಂದ್ರದಲ್ಲಿ ಹಾಲಿನ ಡೇರಿಗಳಲ್ಲಿರುವಂತಹ ಶೈತ್ಯ ಟ್ಯಾಂಕ್, ಅಲ್ಲಿಂದ ಅಂಗಡಿಯ ಫ್ರಿಜ್ ವರೆಗೆ ಶೀತಲ ವಾಹನ, ಹೀಗೆ ಸರಪಳಿಯ ಪ್ರತಿ ಕೊಂಡಿಯಲ್ಲೂ ರಸ 5 ಡಿಗ್ರಿಗಿಂತ ಕೆಳಗಿರಬೇಕು. ಹೈನುಗಾರಿಕೆಯ ಹಾಲು ಸಂಗ್ರಹಣೆಯಲ್ಲಿ ನಮ್ಮ ಜಿಲ್ಲೆಗಳಿಗೆ ದೀರ್ಘಕಾಲದ ಅನುಭವವಿದೆ. ಅಲ್ಲಿಯ ಶಿಸ್ತನ್ನು ಇಲ್ಲಿಗೆ ತರುವುದು ಅಸಾಧ್ಯದ ಮಾತಲ್ಲ. ವ್ಯತ್ಯಾಸವೊಂದೇ: ಹಾಲನ್ನು ಕೇಂದ್ರದಲ್ಲಿ ತಣಿಸಿದರೆ ಸಾಕು, ಕಲ್ಪರಸವನ್ನು ಮರದ ಮೇಲೆಯೇ ತಣಿಸಬೇಕು.

ಐಸ್ ಎಲ್ಲಿಂದ?

ಈ ಪ್ರಶ್ನೆಗೆ ನಮ್ಮ ಮೂರು ತಾಲೂಕುಗಳಲ್ಲಿ ಅನುಕೂಲಕರವಾದ ಉತ್ತರವಿದೆ. ಗಂಗೊಳ್ಳಿಯಂತಹ ಮೀನುಗಾರಿಕಾ ಬಂದರನ್ನು ಆಶ್ರಯಿಸಿದ ಐಸ್ ಉದ್ಯಮ ಕರಾವಳಿಗೆ ಹೊಸದಲ್ಲ. ಜೂನ್ ಮತ್ತು ಜುಲೈ ತಿಂಗಳುಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಐಸ್ ಬೇಡಿಕೆ ಇಳಿಯುತ್ತದೆ. ಇತರ ತಿಂಗಳುಗಳಲ್ಲಿಯೂ ದೋಣಿಗಳ ಬರುವಿಕೆಗೆ ತಕ್ಕಂತೆ ಬೇಡಿಕೆ ಏರಿಳಿಯುತ್ತದೆ. ದಿನನಿತ್ಯ ನಿಶ್ಚಿತ ಪ್ರಮಾಣದ ಐಸ್ ಕೊಳ್ಳುವ ಗ್ರಾಹಕ ದೊರೆತರೆ ಕಾರ್ಖಾನೆಗೂ ಲಾಭವೇ.

ಆದರೆ ಒಂದು ಎಚ್ಚರಿಕೆ ಅಗತ್ಯ. ಮೀನಿಗೆ ಬಳಸುವ ಐಸ್ ಗಡ್ಡೆಯನ್ನು ಹಾಗೆಯೇ ಪಾನೀಯ ಘಟಕಕ್ಕೆ ತರಲಾಗದು. ಐಸ್ ರಸಕ್ಕೆ ನೇರವಾಗಿ ತಗಲದಿದ್ದರೂ ಪಾತ್ರೆಯ ಹೊರಮೈ, ಕೆಲಸಗಾರರ ಕೈ, ಮುಚ್ಚಳ ಇವುಗಳ ಮೂಲಕ ಕರಗಿದ ನೀರು ಒಳಸೇರುವ ಸಾಧ್ಯತೆ ಇದ್ದೇ ಇದೆ. ಕುಡಿಯಲು ಯೋಗ್ಯವಾದ ನೀರಿನಿಂದ ತಯಾರಿಸಿ, ಪ್ರತ್ಯೇಕವಾಗಿ ಶೇಖರಿಸಿ, ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಸಾಗಿಸಿದ ಐಸನ್ನೇ ಬಳಸಬೇಕು. ಇಂತಹ ಶುದ್ಧ ಐಸ್ ಪೂರೈಕೆಯೇ ಸ್ವತಂತ್ರವಾದ ಒಂದು ಸಣ್ಣ ಉದ್ಯಮವಾಗಬಲ್ಲದು. ಪೆಟ್ಟಿಗೆಗಳ ತಯಾರಿಕೆ, ದುರಸ್ತಿ, ಹೊದಿಕೆಯ ಬದಲಾವಣೆ ಇವೂ ಸ್ಥಳೀಯ ಪ್ಲಾಸ್ಟಿಕ್ ಮತ್ತು ಫೈಬರ್ ಕೆಲಸಗಾರರಿಗೆ ಒದಗಬಹುದಾದ ಅವಕಾಶಗಳು.

ಬಾಟಲಿಗೆ ತುಂಬುವ ಮುನ್ನ

ತಾಜಾ ಕಲ್ಪರಸಕ್ಕೆ ದೊಡ್ಡ ಮಿತಿಯೆಂದರೆ ಅದರ ಅಲ್ಪಾಯುಷ್ಯ. ಕಾಯಿಸಿ ಬಾಟಲಿಗೆ ತುಂಬಿ ತಿಂಗಳುಗಟ್ಟಲೆ ಇಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಇಲ್ಲಿ ಸುರಕ್ಷತೆಯ ಪ್ರಶ್ನೆ ಅಡಗಿದೆ. ಕೋಕಂ ಅಥವಾ ನಿಂಬೆಯ ಶರಬತ್ತಿನಂತೆ ಕಲ್ಪರಸ ಹುಳಿಪಾನೀಯವಲ್ಲ. ಪಿ.ಎಚ್. 4.6ಕ್ಕಿಂತ ಮೇಲಿರುವ ಆಹಾರಗಳಲ್ಲಿ ಬೊಟುಲಿಸಂ ಉಂಟುಮಾಡುವ ಬ್ಯಾಕ್ಟೀರಿಯಾದ ಬೀಜಾಣುಗಳು ಮೊಳೆಯುವ ಅಪಾಯವಿದೆ. ಸಾಮಾನ್ಯ ಪಾಶ್ಚರೀಕರಣದ ಶಾಖಕ್ಕೆ ಈ ಬೀಜಾಣುಗಳು ಸಾಯುವುದಿಲ್ಲ. ಅವುಗಳನ್ನು ನಾಶಪಡಿಸಲು ಒತ್ತಡದಲ್ಲಿ 121 ಡಿಗ್ರಿಯಷ್ಟು ಶಾಖ ಬೇಕಾಗುತ್ತದೆ. ಆ ಶಾಖಕ್ಕೆ ರಸದ ಬಣ್ಣವೂ ಪರಿಮಳವೂ ಬದಲಾಗುತ್ತವೆ.

ಆದುದರಿಂದ ಪಾಶ್ಚರೀಕರಿಸಿದ ರಸವನ್ನು ಮುಚ್ಚಿದ ಬಾಟಲಿಯಲ್ಲಿ ತುಂಬಿ ಹೊರಗಿನ ಕಪಾಟಿನಲ್ಲಿ ಇಡುವುದು ಸರ್ವಥಾ ಸಲ್ಲದು. ಕಾಯಿಸಿದರೂ ಕಾಯಿಸದಿದ್ದರೂ ಅದು ಫ್ರಿಜ್ಜಿನಲ್ಲಿಯೇ ಇರಬೇಕಾದ ಸರಕು. ದೀರ್ಘಾಯುಷ್ಯದ ಬಾಟಲಿ ಬಯಸುವವರು ಆಹಾರ ತಂತ್ರಜ್ಞರ ಮಾರ್ಗದರ್ಶನವಿಲ್ಲದೆ ಹೆಜ್ಜೆಯಿಡಬಾರದು. ಮೊದಲ ಹಂತದಲ್ಲಿ ಹೆದ್ದಾರಿ ಬದಿಯ ಮಳಿಗೆಗಳಲ್ಲಿ ಲೋಟದ ಲೆಕ್ಕದಲ್ಲಿ ತಣ್ಣಗೆ ಮಾರುವುದೇ ಸುರಕ್ಷಿತವಾದ, ಕಡಿಮೆ ಬಂಡವಾಳದ ಮಾರ್ಗ. ಕೊಲ್ಲೂರಿಗೂ ಮರವಂತೆಯ ಕಡಲತೀರಕ್ಕೂ ಬರುವ ಯಾತ್ರಿಕರು ಮತ್ತು ಪ್ರವಾಸಿಗರು ಇದಕ್ಕೆ ಸಿದ್ಧ ಗ್ರಾಹಕರು.

ಉಳಿದ ರಸಕ್ಕೆ ಬೆಲ್ಲದ ಆಸರೆ

ಮಾರಾಟವಾಗದೆ ಉಳಿದ ರಸವನ್ನು ಅದೇ ದಿನ ಬೆಲ್ಲ ಅಥವಾ ಸಕ್ಕರೆಯಾಗಿಸುವ ವ್ಯವಸ್ಥೆ ಇದ್ದರಷ್ಟೇ ಘಟಕ ನಷ್ಟದಿಂದ ಪಾರಾಗುತ್ತದೆ. 100 ಲೀಟರ್ ರಸದಿಂದ ಸುಮಾರು 15 ಕಿಲೋ ಉತ್ಪನ್ನ ನಿರೀಕ್ಷಿಸಬಹುದು. ಉಳಿದ 85 ಕಿಲೋ ನೀರನ್ನು ಆವಿಯಾಗಿಸಬೇಕು. ಇದಕ್ಕೆ ಬೇಕಾಗುವ ಶಾಖ ಸುಮಾರು 55,000 ಕಿಲೋಕ್ಯಾಲರಿ. ಶೇ. 20ರಿಂದ 25ರಷ್ಟು ದಕ್ಷತೆಯ ಒಲೆಯಲ್ಲಿ ಇದು 60ರಿಂದ 80 ಕಿಲೋ ಕಟ್ಟಿಗೆಗೆ ಸಮ. ಒಲೆಯನ್ನು ಸುಧಾರಿಸಿ ದಕ್ಷತೆ ಹೆಚ್ಚಿಸಿದಷ್ಟೂ ಬೆಲ್ಲದ ಅಸಲು ಬೆಲೆ ಇಳಿಯುತ್ತದೆ. ತೆಂಗಿನ ಗೆರಟೆ, ಸಿಪ್ಪೆ, ಮಡಲು ಸ್ಥಳದಲ್ಲೇ ದೊರೆಯುವ ಇಂಧನಗಳು.

ಬೆಲ್ಲ ಕಾಯಿಸುವಲ್ಲಿಯೂ ಥರ್ಮಾಮೀಟರೇ ಮೇಸ್ತ್ರಿ. ನೀರು ಆವಿಯಾಗಿ ಪಾಕ ಗಟ್ಟಿಯಾದಂತೆ ಅದರ ಕುದಿಬಿಂದು 100 ಡಿಗ್ರಿಯಿಂದ ಮೇಲೇರುತ್ತದೆ. 115ರಿಂದ 120 ಡಿಗ್ರಿಯ ನಡುವೆ ಪಾಕವನ್ನು ಇಳಿಸುವ ಹದ ಬರುತ್ತದೆ. ಎರಡು ಮೂರು ಡಿಗ್ರಿ ಮೊದಲೇ ಇಳಿಸಿದರೆ ಬೆಲ್ಲ ಮೆತ್ತಗಾಗಿ ಮಳೆಗಾಲದಲ್ಲಿ ನೀರೊಡೆಯುತ್ತದೆ. ತಡವಾದರೆ ತಳ ಹಿಡಿದು ಕಹಿಯಾಗುತ್ತದೆ. ಕೊನೆಯ ಕೆಲವು ನಿಮಿಷಗಳಲ್ಲಿ ತಾಪಮಾನ ವೇಗವಾಗಿ ಏರುವುದರಿಂದ ಉರಿಯನ್ನು ತಗ್ಗಿಸಿ, ಎಡೆಬಿಡದೆ ಕೈಯಾಡಿಸುತ್ತಿರಬೇಕು.

ಹದ ಸರಿಯಾಗಿದ್ದರೂ ಕೆಲವೊಮ್ಮೆ ಬೆಲ್ಲ ಗಟ್ಟಿಯಾಗುವುದಿಲ್ಲ. ಆಗ ಕಾಯಿಸುವವನನ್ನು ದೂರುವುದು ವಾಡಿಕೆ. ವಾಸ್ತವವಾಗಿ ದೋಷ ಇರುವುದು ಮರದ ಮೇಲೆ. ರಸ ಅಲ್ಪಸ್ವಲ್ಪ ಹುದುಗಿದ್ದರೂ ಯೀಸ್ಟಿನ ಕಿಣ್ವವು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದಿರುತ್ತದೆ. ಈ ಸಕ್ಕರೆಗಳು ಹರಳುಗಟ್ಟುವುದಕ್ಕೆ ಅಡ್ಡಿಯಾಗುತ್ತವೆ, ಗಾಳಿಯ ತೇವವನ್ನು ಹೀರುತ್ತವೆ. ರಾತ್ರಿ ಮರದ ಮೇಲೆ ಐಸ್ ಕರಗಿಹೋದ ಸಂಗತಿ ಮರುದಿನ ಬಾಣಲೆಯಲ್ಲಿ ಬಯಲಾಗುತ್ತದೆ. ಆದುದರಿಂದ ಪಾನೀಯಕ್ಕೆ ಯೋಗ್ಯವಲ್ಲದ ಹುಳಿರಸವನ್ನು ಬೆಲ್ಲಕ್ಕೆ ಹಾಕೋಣವೆಂಬ ಲೆಕ್ಕಾಚಾರ ತಪ್ಪು. ಬೆಲ್ಲಕ್ಕೂ ತಾಜಾ ರಸವೇ ಬೇಕು.

ವಿನೆಗರ್ ಮಾಡುವ ಯೋಚನೆಯೂ ಕೆಲವರಲ್ಲಿದೆ. ಹುದುಗಿಸಿದ ವಿನೆಗರಿನಲ್ಲಿ ಕನಿಷ್ಠ ಶೇ. 3.75ರಷ್ಟು ಅಸಿಟಿಕ್ ಆಮ್ಲ ಇರಬೇಕೆಂದು ಆಹಾರ ನಿಯಮಗಳು ಹೇಳುತ್ತವೆ. ಆದರೆ ಆ ದಾರಿಯಲ್ಲಿ ರಸವು ಮದ್ಯಸಾರದ ಹಂತವನ್ನು ದಾಟಲೇಬೇಕು. ಪರವಾನಗಿಯ ಷರತ್ತುಗಳನ್ನು ಪರಿಶೀಲಿಸದೆ ಇದಕ್ಕೆ ಕೈಹಾಕಬಾರದು.

ಕಾನೂನಿನ ಗೆರೆ

ತೆಂಗಿನ ಮರದಿಂದ ರಸ ಇಳಿಸುವ ಕೆಲಸ ಕರ್ನಾಟಕ ಅಬಕಾರಿ ಕಾಯ್ದೆ, 1965ರ ವ್ಯಾಪ್ತಿಗೆ ಬರುತ್ತದೆ. ಸ್ವಂತ ತೋಟದ ಸ್ವಂತ ಮರವೆಂಬ ಕಾರಣಕ್ಕೆ ಅನುಮತಿಯಿಲ್ಲದೆ ರಸ ಇಳಿಸುವಂತಿಲ್ಲ. ಇದರ ಜೊತೆಗೆ ಆಹಾರ ಸುರಕ್ಷತಾ ಪರವಾನಗಿಯೂ ಬೇಕು. ಪಾನೀಯವೆಂದು ಪರವಾನಗಿ ಪಡೆದವನ ಕ್ಯಾನಿನಲ್ಲಿ ಹುದುಗಿದ ರಸ ಕಂಡುಬಂದರೆ ಅದು ಕೇವಲ ಗುಣಮಟ್ಟದ ಪ್ರಶ್ನೆಯಾಗಿ ಉಳಿಯದೆ ಅಬಕಾರಿಯ ಪ್ರಶ್ನೆಯಾಗುತ್ತದೆ. ಉಳಿದ ಆಹಾರೋದ್ಯಮಗಳಲ್ಲಿ ತಾಪಮಾನ ತಪ್ಪಿದರೆ ಸರಕು ನಷ್ಟವಾಗುತ್ತದೆ, ಇಲ್ಲಿ ಪರವಾನಗಿಯೇ ಕೈತಪ್ಪಬಹುದು. ಪ್ರತಿ ಪೆಟ್ಟಿಗೆಯ ವೇಳೆ, ತಾಪಮಾನ, ಪಿ.ಎಚ್. ಇವುಗಳ ದಿನಚರಿ ಪುಸ್ತಕವು ಉದ್ಯಮಿಯ ಪಾಲಿಗೆ ಬರೀ ಲೆಕ್ಕವಾಗಿರದೆ ರಕ್ಷಣೆಯೂ ಆಗಿರುತ್ತದೆ.

ಕೇರಳದ ಅನುಭವ

ಕೇರಳ ಸರಕಾರ 2014ರಲ್ಲಿ ನಿಯಮ ರೂಪಿಸಿ ತೆಂಗು ಉತ್ಪಾದಕ ಕಂಪನಿಗಳಿಗೆ ನೀರಾ ಉತ್ಪಾದನೆಗೆ ಅವಕಾಶ ನೀಡಿದಾಗ ದೊಡ್ಡ ನಿರೀಕ್ಷೆಗಳಿದ್ದವು. ಆರಂಭದ ಉತ್ಸಾಹ ಬಹುಕಾಲ ಉಳಿಯಲಿಲ್ಲ. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಸಂಸ್ಕರಣಾ ವಿಧಾನಗಳನ್ನು ಅನುಸರಿಸಿದ್ದರಿಂದ ರುಚಿಯಲ್ಲಿ ಏಕರೂಪತೆ ಬರಲಿಲ್ಲ. ಮರವೇರಿ ರಸ ಇಳಿಸುವ ಕುಶಲಕರ್ಮಿಗಳ ಕೊರತೆಯೂ ಕಾಡಿತು. ಬೇಡಿಕೆ ಇದ್ದ ಮಾತ್ರಕ್ಕೆ ಉದ್ಯಮ ನಿಲ್ಲದು, ಇಂದಿನ ಬಾಟಲಿಯಂತೆಯೇ ನಾಳೆಯ ಬಾಟಲಿಯೂ ಇರಬೇಕೆಂಬುದು ಈ ಅನುಭವದ ಸಾರ.

ನಮ್ಮಲ್ಲಿಯೂ ಮರವೇರುವವರ ಪ್ರಶ್ನೆಯೇ ಮುಖ್ಯವಾದುದು. ಯುವಕರು ಈ ವೃತ್ತಿಗೆ ಬರಬೇಕಾದರೆ ಖಚಿತ ಆದಾಯ, ಅಪಘಾತ ವಿಮೆ ಮತ್ತು ಮರವೇರುವ ಸುರಕ್ಷಿತ ಸಾಧನಗಳು ಬೇಕು. ಐಸ್ ತುಂಬಿದ ಪೆಟ್ಟಿಗೆಯನ್ನು ಮೇಲಕ್ಕೊಯ್ಯುವವನ ಬೆನ್ನಿಗೆ ಹೆಚ್ಚುವರಿ ಭಾರ ಬೀಳುತ್ತದೆಂಬುದನ್ನು ಮರೆಯಬಾರದು. ತಾಪಮಾನ ನಿಯಂತ್ರಣದ ಮೊದಲ ಹೊಣೆ ಹೊರುವವನು ಅವನೇ. ಲೀಟರಿನ ಲೆಕ್ಕದಲ್ಲಿ ಮಾತ್ರ ಕೂಲಿ ಕೊಟ್ಟರೆ ಅವನ ಗಮನ ಪ್ರಮಾಣದ ಮೇಲಿರುತ್ತದೆ. ಪಿ.ಎಚ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಲೀಟರಿಗೆ ಹೆಚ್ಚಿನ ದರ ಕೊಟ್ಟರೆ ಗಮನ ಗುಣಮಟ್ಟದ ಕಡೆಗೆ ಹೊರಳುತ್ತದೆ.

ಘಟಕ ಆರಂಭಿಸುವವರು ಗಮನಿಸಬೇಕಾದ ಅಂಶಗಳು

1. ಅಬಕಾರಿ ಹಾಗೂ ಆಹಾರ ಸುರಕ್ಷತಾ ಅನುಮತಿಗಳು ಕೈಸೇರುವ ಮುನ್ನ ಒಂದು ಮರವನ್ನೂ ಮುಟ್ಟಬಾರದು.

2. ಹತ್ತಿರ ಹತ್ತಿರವಿರುವ ಮರಗಳನ್ನು ಆಯ್ದುಕೊಳ್ಳಬೇಕು. ಮರದಿಂದ ಸಂಗ್ರಹಣಾ ಕೇಂದ್ರಕ್ಕೆ ತಗಲುವ ಸಮಯವೇ ಗುಣಮಟ್ಟದ ಅಳತೆ.

3. ಪ್ರತಿ ಪಾತ್ರೆಯನ್ನು ದಿನವೂ ಬಿಸಿನೀರಿನಲ್ಲಿ ತೊಳೆದು ಒಣಗಿಸಬೇಕು. ನಿನ್ನೆಯ ರಸದ ಒಂದು ಹನಿಯೂ ಇಂದಿನ ರಸಕ್ಕೆ ಹೆಪ್ಪಾಗುತ್ತದೆ.

4. ಪೆಟ್ಟಿಗೆ ಇಳಿಸಿದಾಗ ಉಳಿದ ಐಸ್, ರಸದ ತಾಪಮಾನ ಮತ್ತು ಪಿ.ಎಚ್. ಈ ಮೂರನ್ನೂ ಬರೆದಿಡಬೇಕು. ಪರೀಕ್ಷೆಯಾಗದ ರಸವನ್ನು ಕ್ಯಾನಿಗೆ ಸುರಿಯಬಾರದು.

5. ಥರ್ಮಾಮೀಟರನ್ನು ಆಗಾಗ ಕರಗುವ ಐಸಿನಲ್ಲಿ ಅದ್ದಿ ಸೊನ್ನೆ ಡಿಗ್ರಿ ತೋರಿಸುವುದೇ ಎಂದು ಪರೀಕ್ಷಿಸಬೇಕು. ತಪ್ಪು ತೋರಿಸುವ ಮಾಪಕ, ಮಾಪಕವಿಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ.

6. ವಿದ್ಯುತ್ ಕೈಕೊಡುವ ಮಳೆಗಾಲಕ್ಕಾಗಿ ಜನರೇಟರ್ ಅಥವಾ ಹೆಚ್ಚುವರಿ ಐಸ್ ದಾಸ್ತಾನು ಇರಬೇಕು.

7. ದಿನದ ಮಾರಾಟವನ್ನು ಮೀರಿದ ರಸ ಅಂದೇ ಬೆಲ್ಲದ ಬಾಣಲೆ ಸೇರಬೇಕು.

ತರಬೇತಿ ಬಯಸುವವರು ಕಾಸರಗೋಡಿನ ಸಂಶೋಧನಾ ಸಂಸ್ಥೆ, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ, ತೆಂಗು ಅಭಿವೃದ್ಧಿ ಮಂಡಳಿ ಹಾಗೂ ತೋಟಗಾರಿಕೆ ಇಲಾಖೆಯನ್ನು ಸಂಪರ್ಕಿಸುವುದು ಸೂಕ್ತ.

ಕಲ್ಪರಸವು ರಾತ್ರೋರಾತ್ರಿ ಲಾಭ ತರುವ ವ್ಯವಹಾರವಲ್ಲ. ಬೆಳೆಗಾರ, ಮೂರ್ತೆದಾರ, ಐಸ್ ತಯಾರಕ, ಸಾಗಣೆದಾರ, ಅಂಗಡಿಗಾರ ಇವರಲ್ಲಿ ಯಾರೊಬ್ಬರು ಎರಡು ಗಂಟೆ ಮೈಮರೆತರೂ ಉಳಿದ ನಾಲ್ವರ ದುಡಿಮೆ ಹುಳಿಯಾಗುತ್ತದೆ. ಹಾಗೆಯೇ ಐವರೂ ಒಂದೇ ಶಿಸ್ತಿಗೆ ಬದ್ಧರಾದರೆ, ಕಾಯಿಯ ಧಾರಣೆಯನ್ನೇ ನೆಚ್ಚಿಕೊಂಡ ತೋಟಗಳಿಗೆ ದಿನವಹಿ ಆದಾಯದ ಮೂಲವೊಂದು ದೊರೆಯುತ್ತದೆ. ಮೂರು ತಾಲೂಕುಗಳ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಒಬ್ಬೊಬ್ಬರಾಗಿ ಇಡೀ ಸರಪಳಿಯನ್ನು ಹೊರುವ ಬದಲು ತಮಗೆ ಒಗ್ಗುವ ಒಂದೊಂದು ಕೊಂಡಿಯನ್ನು ವಹಿಸಿಕೊಳ್ಳಲು ಮುಂದಾಗಬೇಕು.